ಬಿಟ್ಟು ಬಿಟ್ಟು ಬರುವ ಲೈನು

ಆಷಾಢದಲ್ಲಿ ಮುಂಡರಗಿಯ ಗಾಳಿ ಪಡುವಣದಿಂದ, ಕಪ್ಪತಗುಡ್ಡದ ಮೈ ಸವರಿಕೊಂಡು ಬರುತ್ತದೆ. ಗುಡ್ಡದ ನೆತ್ತಿಯ ಗಾಳಿಯಂತ್ರಗಳು ಹಗಲೂ ರಾತ್ರಿ ತಿರುಗುತ್ತವೆ. ಒಣಹಾಕಿದ ಸೀರೆ ಪಕ್ಕದ ಮನೆಯ ಮಾಳಿಗೆ ಸೇರುತ್ತದೆ. ಕದಕ್ಕೆ ಕಲ್ಲು ಆನಿಸದಿದ್ದರೆ ದಿನವಿಡೀ ಬಡಿದುಕೊಳ್ಳುತ್ತದೆ. ಆ ಗಾಳಿ ನಮ್ಮ ಮನೆಯ ಇಂಟರ್ನೆಟ್ಟನ್ನೂ ಬಡಿಯುತ್ತಿತ್ತು ಎಂಬುದು ತಿಳಿಯಲು ಮೂರು ವಾರ ಹಿಡಿಯಿತು.

ಮಗಳು ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಮನೆಯಿಂದಲೇ ಮಾಡುತ್ತಾಳೆ. ಮೇಲಿನ ಖೋಲಿಯಲ್ಲಿ ಅವಳ ಕಂಪ್ಯೂಟರು, ಕೆಳಗೆ ಪಡಸಾಲೆಯ ಗೋಡೆಗೆ ಇಂಟರ್ನೆಟ್ ಪೆಟ್ಟಿಗೆ. ಮೊಳದಗಲದ ಮಣ್ಣಿನ ಗೋಡೆ ದಾಟಿ ವೈಫೈ ಮೇಲೆ ಸರಿಯಾಗಿ ಹತ್ತುವುದಿಲ್ಲ. ಅದಕ್ಕಾಗಿ ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಒಂದು ನೀಲಿ ಕೇಬಲ್ ಎಳೆಸಿದ್ದೆವು. ಕೇಬಲ್ ಇದ್ದ ಮೇಲೆ ಲೈನು ಗಟ್ಟಿ ಎಂದು ನಂಬಿದ್ದೆವು. ಆದರೆ ಮೀಟಿಂಗಿನ ನಡುವೆ ಒಮ್ಮಿಂದೊಮ್ಮೆಲೆ ಎಲ್ಲರ ಮುಖ ಕಲ್ಲಾಗುತ್ತಿತ್ತು. ಅರ್ಧ ನಿಮಿಷ, ಕೆಲವೊಮ್ಮೆ ಎರಡು ನಿಮಿಷ ಬಿಟ್ಟು ತಾನಾಗಿಯೇ ಸರಿಹೋಗುತ್ತಿತ್ತು. "ಅಪ್ಪಾ, ಮತ್ತ ಹೋತು ನೋಡು" ಎಂದು ಮೇಲಿನಿಂದ ಕೂಗಿದ ದನಿ ಪಡಸಾಲೆಗೆ ಮುಟ್ಟುವ ಹೊತ್ತಿಗೆ ಲೈನು ಬಂದಿರುತ್ತಿತ್ತು.

ಪೂರ್ತಿ ಸತ್ತ ಲೈನಿನ ದೋಷ ಹುಡುಕುವುದು ಸುಲಭ. ಅದು ಎಲ್ಲಿಗೂ ಹೋಗುವುದಿಲ್ಲ, ನೀವು ಬರುವವರೆಗೆ ಸತ್ತೇ ಇರುತ್ತದೆ. ಹೋಗಿ ಬರುವ ಲೈನು ಹಾಗಲ್ಲ. ಫೋನ್ ಮಾಡಿ ಕರೆದರೆ, ಲೈನ್ ನೋಡುವ ಹುಡುಗ ಹೊಸ್ತಿಲು ದಾಟುವಾಗ ಎಲ್ಲವೂ ಚೆನ್ನಾಗಿರುತ್ತದೆ. "ಸರ್ರ, ಲೈನ್ ಬರೊಬ್ಬರಿ ಐತ್ರಿ. ಮತ್ತ ಹೋತಂದ್ರ ಒಮ್ಮಿ ಬಂದ್ ಮಾಡಿ ಚಾಲೂ ಮಾಡ್ರಿ." ಅವನು ಹೇಳಿದ್ದು ಸುಳ್ಳಲ್ಲ. ಅವನು ನೋಡಿದ ಹೊತ್ತಿನಲ್ಲಿ ಅದು ಬರೊಬ್ಬರಿಯೇ ಇತ್ತು.

ಬಂದ್ ಮಾಡಿ ಚಾಲೂ ಮಾಡುವ ಈ ಮದ್ದು ಎಲ್ಲರ ಬಾಯಲ್ಲಿದೆ. ಅದರಿಂದ ಕೆಲವೊಮ್ಮೆ ಗುಣವಾಗುತ್ತದೆ ನಿಜ, ಪೆಟ್ಟಿಗೆಯೊಳಗಿನ ತಂತ್ರಾಂಶ ಗಂಟುಬಿದ್ದಿದ್ದರೆ ಬಿಚ್ಚಿಕೊಳ್ಳುತ್ತದೆ. ಆದರೆ ತಾನಾಗಿಯೇ ಎರಡು ನಿಮಿಷಕ್ಕೆ ಬರುವ ಲೈನಿನಲ್ಲಿ ಅದು ನಮಗೆ ಮೋಸ ಮಾಡುತ್ತದೆ. ಪೆಟ್ಟಿಗೆ ಹೊಸದಾಗಿ ಏಳಲು ಎರಡು ನಿಮಿಷ ಬೇಕು, ಅಷ್ಟರಲ್ಲಿ ಲೈನು ಹೇಗೂ ಬಂದಿರುತ್ತದೆ, ನಾವು ಗುಂಡಿಯೇ ಗುಣಪಡಿಸಿತು ಎಂದುಕೊಳ್ಳುತ್ತೇವೆ. ದೋಷವಾದ ಕ್ಷಣದಲ್ಲಿ ಯಾವ ದೀಪ ಉರಿಯುತ್ತಿತ್ತು, ಯಾವುದು ಆರಿತ್ತು ಎಂಬ ಸಾಕ್ಷಿ ಮಾತ್ರ ಅಳಿಸಿಹೋಗುತ್ತದೆ. ಹೆಚ್ಚಿನ ಪೆಟ್ಟಿಗೆಗಳು ತಮ್ಮೊಳಗೆ ಬರೆದುಕೊಳ್ಳುವ ದಿನಚರಿಯೂ ಆ ಗುಂಡಿಯೊಂದಿಗೆ ಹೋಗುತ್ತದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಮಲೇರಿಯಾ ಪಾಠ ಮಾಡುವಾಗ ಮಕ್ಕಳಿಗೆ ಒಂದು ಮಾತು ಹೇಳುತ್ತಿದ್ದೆ. ಬಿಟ್ಟು ಬಿಟ್ಟು ಬರುವ ಜ್ವರಕ್ಕೆ ವೈದ್ಯರು ಮೊದಲು ಕೇಳುವುದು ಎಷ್ಟು ಜ್ವರ ಎಂದಲ್ಲ, ಯಾವಾಗ ಬರುತ್ತದೆ ಎಂದು. ದಿನ ಬಿಟ್ಟು ದಿನ ಚಳಿ ಹತ್ತಿ ನಡುಗಿಸುವ ಜ್ವರಕ್ಕೆ ಆ ಲೆಕ್ಕವೇ ಗುರುತು. ನಮ್ಮ ಲೈನಿಗೂ ಅದೇ ಲೆಕ್ಕ ಇಡೋಣವೆಂದು ಮಗಳ ಮೇಜಿನ ಮೇಲೆ ಒಂದು ಹಳೆಯ ವಹಿ ಇಟ್ಟೆ, ಪೆಟ್ಟಿಗೆಯ ಪಕ್ಕದಲ್ಲಿ ಇನ್ನೊಂದು. ಲೈನು ಹೋದಾಗ ಗಡಿಯಾರ ನೋಡಿ ಹೊತ್ತು ಬರೆಯುವುದು, ಯಾವ ದೀಪ ಹೇಗಿತ್ತು ಎಂದು ಬರೆಯುವುದು, ಕರೆಂಟು, ಮಳೆ, ಗಾಳಿ ಏನಿದ್ದರೂ ಒಂದು ಪದ. ಗುಂಡಿ ಮಾತ್ರ ಮುಟ್ಟಬಾರದು. ಮನೆಯವರಿಗೆ ಈ ಕಡೆಯ ಮಾತು ಒಪ್ಪಿಸಲು ಕಷ್ಟವಾಯಿತು.

ಮೊದಲೆಲ್ಲ ಇಷ್ಟು ಬೇಕಿರಲಿಲ್ಲ, ಕಿವಿಯೇ ಸಾಕಿತ್ತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಡೇಟಾವನ್ ಹೆಸರಿನಲ್ಲಿ ಬ್ರಾಡ್‌ಬ್ಯಾಂಡ್ ತಂದಾಗ ಇಂಟರ್ನೆಟ್ ಬಂದದ್ದು ಮನೆಯ ಫೋನಿನ ತಾಮ್ರದ ತಂತಿಯ ಮೇಲೆಯೇ. ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಅದಕ್ಕೆ ಬ್ರಾಡ್‌ಬ್ಯಾಂಡ್ ಎನ್ನಬಹುದು ಎಂದು 2004ರ ಸರ್ಕಾರಿ ನೀತಿ ಹೇಳಿತ್ತು. 2023ರಲ್ಲಿ ಆ ಗೆರೆಯನ್ನು 2 ಮೆಗಾಬಿಟ್‌ಗೆ ಏರಿಸಲಾಯಿತು. ತಾಮ್ರದ ಕಾಲದಲ್ಲಿ ಕಂಬದ ಜೋಡಣೆಯಲ್ಲಿ ನೀರು ಇಳಿದರೆ ರಿಸೀವರ್ ಎತ್ತಿದ ಕೂಡಲೇ ಕರಕರ ಸದ್ದು ಕೇಳುತ್ತಿತ್ತು. ಸದ್ದು ಇದ್ದರೆ ದೋಷ ಹೊರಗೆ, ಇಲ್ಲದಿದ್ದರೆ ಒಳಗೆ, ಹೆಚ್ಚು ಕಡಿಮೆ ಅಷ್ಟೇ ಲೆಕ್ಕ. ಈಗ ಮನೆಯ ಗೋಡೆಯವರೆಗೆ ಬರುವುದು ಗಾಜಿನ ಎಳೆ, ಅದರಲ್ಲಿ ಹರಿಯುವುದು ಬೆಳಕು. ಬೆಳಕಿಗೆ ಸದ್ದಿಲ್ಲ. ನಮ್ಮ ಮನೆಗಳಿಗೆ ಲೈನು ಬಂದು ಇಷ್ಟು ವರ್ಷವಾದರೂ ಅದರ ದೋಷ ಗುರುತಿಸುವ ಹೊಸ ಇಂದ್ರಿಯ ನಮಗಿನ್ನೂ ಬಂದಿಲ್ಲ ಎಂದು ನನಗೆ ಅನಿಸುವುದು ಇಲ್ಲಿಯೇ.

ವೇಳೆ ಬರೆದಿಡುವುದರಿಂದ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ವೇಲ್ಸ್ ನಾಡಿನ ಅಬರ್‌ಹೋಸನ್ ಎಂಬ ಹಳ್ಳಿಯ ಕಥೆ ಇದೆ. ಅಲ್ಲಿ ಒಂದೂವರೆ ವರ್ಷ, ದಿನಾ ಬೆಳಿಗ್ಗೆ 7 ಗಂಟೆಗೆ ಇಡೀ ಊರಿನ ಬ್ರಾಡ್‌ಬ್ಯಾಂಡ್ ಕುಸಿದು ಬೀಳುತ್ತಿತ್ತು. ಕೇಬಲ್ ಬದಲಿಸಿದರು, ಆದರೂ ಹೋಗಲಿಲ್ಲ. ಕೊನೆಗೆ ಎಂಜಿನಿಯರುಗಳು ವಿದ್ಯುತ್ ತರಂಗ ಅಳೆಯುವ ಸಾಧನ ಹಿಡಿದು ನಸುಕಿನ 6ಕ್ಕೇ ಸುರಿವ ಮಳೆಯಲ್ಲಿ ಊರು ಸುತ್ತಿದರು. 7ಕ್ಕೆ ಸರಿಯಾಗಿ ಒಂದು ಮನೆಯಿಂದ ದೊಡ್ಡ ಗದ್ದಲ ಎದ್ದಿತು. ಆ ಮನೆಯವರು ಏಳುತ್ತಲೇ ಹಳೆಯ ಟಿವಿಯೊಂದನ್ನು ಹಚ್ಚುತ್ತಿದ್ದರು, ಅದು ಉಗುಳುವ ವಿದ್ಯುತ್ ಗದ್ದಲ ಊರಿನ ತಾಮ್ರದ ತಂತಿಗಳಿಗೆಲ್ಲ ಹತ್ತುತ್ತಿತ್ತು. 2020ರಲ್ಲಿ ಇದು ಜಗತ್ತಿಗೆಲ್ಲ ಸುದ್ದಿಯಾಯಿತು. ಆ ದೋಷವನ್ನು ಹಿಡಿದುಕೊಟ್ಟದ್ದು 7 ಗಂಟೆ ಎಂಬ ಒಂದು ಗುರುತು.

ನಮ್ಮ ಲೈನಿನ ದಾರಿಯನ್ನು ಮೊದಲು ಕಣ್ಣಿಗೆ ತಂದುಕೊಳ್ಳಬೇಕು. ಓಣಿಯ ಕಂಬದಿಂದ ಕರಿಯ ತೆಳು ವೈರೊಂದು ಮನೆಗೆ ಬರುತ್ತದೆ. ಅದರ ನಡುವಿನ ಗಾಜಿನ ಎಳೆಯ ದಪ್ಪ 125 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಎಂಟನೇ ಒಂದು ಪಾಲು. ಅದರೊಳಗೂ ಬೆಳಕು ಹರಿಯುವ ತಿರುಳು 9 ಮೈಕ್ರಾನ್ ಮಾತ್ರ. ಈ ಬೆಳಕು ಪಡಸಾಲೆಯ ಪೆಟ್ಟಿಗೆಯಲ್ಲಿ ವಿದ್ಯುತ್ ಸಂಕೇತವಾಗಿ ಬದಲಾಗುತ್ತದೆ. ಅಲ್ಲಿಂದ ಕಂಪ್ಯೂಟರಿನವರೆಗೆ ಮತ್ತೆ ತಾಮ್ರ, ನೀಲಿ ಕೇಬಲ್ಲಿನೊಳಗೆ ನಾಲ್ಕು ಜೋಡಿ, ಎಂಟು ತಂತಿ. ಗಾಜು, ಪೆಟ್ಟಿಗೆ, ತಾಮ್ರ, ಕಂಪ್ಯೂಟರು: ನಾಲ್ಕು ತುಂಡು, ಅವುಗಳ ನಡುವೆ ಜೋಡಣೆಗಳು. ಮಗ್ಗದ ಮುಂದೆ ಕುಳಿತ ಬೆಟಗೇರಿಯ ನೇಕಾರರನ್ನು ಕೇಳಿದರೆ ಎಳೆ ಎಲ್ಲಿ ಕೈಕೊಡುತ್ತದೆ ಎಂದು ಹೇಳುತ್ತಾರೆ, ಗಂಟು ಹಾಕಿದಲ್ಲಿ, ಉಜ್ಜಿದಲ್ಲಿ. ಇಂಟರ್ನೆಟ್ ಲೈನೂ ಅಷ್ಟೇ.

ಯಾವ ತುಂಡಿನಲ್ಲಿ ದೋಷ ಎಂದು ತಿಳಿಯಲು ಪೆಟ್ಟಿಗೆಯ ದೀಪಗಳೇ ಮೊದಲ ಸಾಕ್ಷಿ. ಪಾನ್ ಎಂದು ಬರೆದ ದೀಪ ಹಸಿರಾಗಿ ಅಲುಗದೆ ಉರಿದರೆ ಕಂಬದ ಕಡೆಯ ಬೆಳಕು ಸರಿಯಾಗಿ ಬರುತ್ತಿದೆ. ಲಾಸ್ ಎಂದು ಬರೆದದ್ದು ಕೆಂಪಾಗಿ ಮಿನುಗಿದರೆ ಬೆಳಕೇ ಬರುತ್ತಿಲ್ಲ, ದೋಷ ಗಾಜಿನ ಎಳೆಯಲ್ಲಿ. ಅಲ್ಲಿ ನಮ್ಮ ಕೈಗೆ ಕೆಲಸವಿಲ್ಲ. ಲ್ಯಾನ್ ದೀಪ ಕಂಪ್ಯೂಟರಿಗೆ ಹೋಗುವ ಕೇಬಲ್ಲಿನದು. ಎಲ್ಲ ದೀಪವೂ ಒಮ್ಮೆಗೇ ಆರಿ, ಒಂದಾದ ಮೇಲೊಂದು ಮತ್ತೆ ಹತ್ತಿಕೊಂಡರೆ ಲೈನಿಗೆ ಏನೂ ಆಗಿಲ್ಲ, ಪೆಟ್ಟಿಗೆಗೆ ಕರೆಂಟು ತಪ್ಪಿದೆ.

ಎರಡನೆಯ ಸಾಕ್ಷಿ ಪಿಂಗ್. ಹಾಳು ಬಾವಿಯಲ್ಲಿ ನೀರಿದೆಯೇ ಎಂದು ನೋಡಲು ನಾವು ಕಲ್ಲು ಒಗೆದು ಕಿವಿಗೊಡುತ್ತೇವಲ್ಲ, ಹಾಗೆ ಈ ಸಣ್ಣ ಆಜ್ಞೆ ದೂರದ ಯಂತ್ರಕ್ಕೆ ಒಂದು ಪುಟ್ಟ ಸಂದೇಶ ಒಗೆದು ಮರುದನಿ ಎಷ್ಟು ಹೊತ್ತಿಗೆ ಬಂತು ಎಂದು ಅಳೆಯುತ್ತದೆ. ಅಮೆರಿಕದ ಮೈಕ್ ಮೂಸ್ ಎಂಬವರು 1983ರ ಡಿಸೆಂಬರಿನಲ್ಲಿ ಇದನ್ನು ಬರೆದರು. ನೀರಿನೊಳಗೆ ಹಡಗುಗಳನ್ನು ಪತ್ತೆ ಹಚ್ಚುವ ಸೋನಾರ್ ಹೊರಡಿಸುವ ಸದ್ದಿನ ಹೆಸರನ್ನೇ ಅದಕ್ಕೆ ಇಟ್ಟರು. ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ ಎಂದು ಇಂಗ್ಲಿಷಿನಲ್ಲಿ ಬರೆದು, ಪೆಟ್ಟಿಗೆಯ ವಿಳಾಸ ಕೊಟ್ಟು, ಕೊನೆಗೆ ಸಣ್ಣ ಗೆರೆ ಮತ್ತು ಟಿ ಅಕ್ಷರ ಹಾಕಿದರೆ ನಿಲ್ಲಿಸು ಎನ್ನುವವರೆಗೆ ಕಲ್ಲು ಒಗೆಯುತ್ತಲೇ ಇರುತ್ತದೆ. ಬಹಳಷ್ಟು ಮನೆಗಳಲ್ಲಿ ಪೆಟ್ಟಿಗೆಯ ವಿಳಾಸ 192.168.1.1. ಇನ್ನೊಂದು ಕಿಟಕಿಯಲ್ಲಿ ಅದೇ ಆಜ್ಞೆಯನ್ನು 8.8.8.8ಕ್ಕೆ ಕೊಡಬೇಕು, ಇದು ಹೊರಗಿನ ಗೂಗಲ್ ಯಂತ್ರ. ಎರಡನ್ನೂ ಪಕ್ಕಪಕ್ಕದಲ್ಲಿ ಓಡಲು ಬಿಟ್ಟರೆ ದೋಷ ಬಂದ ಕ್ಷಣದಲ್ಲಿ ಅದು ಮನೆಯೊಳಗಿನದೋ ಹೊರಗಿನದೋ ಎಂಬುದು ಪರದೆಯ ಮೇಲೇ ಕಾಣುತ್ತದೆ. ಹೊರಗಿನದು ಮಾತ್ರ ನಿಂತರೆ ದೋಷ ಪೆಟ್ಟಿಗೆಯಿಂದಾಚೆ. ಎರಡೂ ನಿಂತರೆ ಮನೆಯೊಳಗೆ ಹುಡುಕಬೇಕು. ಎರಡೂ ಓಡುತ್ತಿದ್ದು ವೆಬ್‌ಸೈಟು ಮಾತ್ರ ತೆರೆಯದಿದ್ದರೆ, ಹೆಸರನ್ನು ಅಂಕಿಯ ವಿಳಾಸಕ್ಕೆ ಬದಲಿಸುವ ಡಿಎನ್‌ಎಸ್ ಕೈಕೊಟ್ಟಿರಬಹುದು.

ಮರುದನಿಯ ಹೊತ್ತನ್ನೂ ನೋಡಬೇಕು. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಮುಂಡರಗಿಯಿಂದ 40 ಕಿಲೋಮೀಟರ್ ಆಸುಪಾಸಿನ ಗದಗಕ್ಕೆ ಹೋಗಿ ಬರಲು ಅದಕ್ಕೆ ಒಂದು ಮಿಲಿಸೆಕೆಂಡಿನ ಅರ್ಧವೂ ಬೇಡ, 400 ಕಿಲೋಮೀಟರ್ ದೂರಕ್ಕೆ 4 ಮಿಲಿಸೆಕೆಂಡ್ ಸಾಕು. ಆದ್ದರಿಂದ ನಮ್ಮದು ಸಣ್ಣ ಊರು, ದೂರ ಇದೆ, ಲೈನು ಹೀಗೇ ಇರುತ್ತದೆ ಎಂದು ಯಾರಾದರೂ ಸಮಾಧಾನ ಹೇಳಿದರೆ ಒಪ್ಪಬೇಡಿ. ತಡವಾಗುವುದು ದೂರದಿಂದಲ್ಲ, ದಾರಿಯ ನಾಕಾಗಳಲ್ಲಿ ಸರದಿ ನಿಲ್ಲುವುದರಿಂದ. ಸಂಜೆ ಓಣಿಯವರೆಲ್ಲ ಒಂದೇ ಹೊತ್ತಿಗೆ ವಿಡಿಯೋ ಹಚ್ಚಿದಾಗ ಈ ಸರದಿ ಬೆಳೆಯುತ್ತದೆ, ಲೈನು ನಿಧಾನವಾಗುತ್ತದೆ. ನಿಧಾನವಾಗುವುದು ಬೇರೆ, ಕಡಿದು ಬೀಳುವುದು ಬೇರೆ. ದೂರು ಕೊಡುವಾಗ ಇವೆರಡನ್ನೂ ಬೆರೆಸಿ ಹೇಳಿದರೆ ಎರಡಕ್ಕೂ ಮದ್ದು ಸಿಗುವುದಿಲ್ಲ.

ಹತ್ತು ದಿನದ ವಹಿ ಬಿಡಿಸಿ ಕುಳಿತಾಗ ನಮಗೆ ಕಂಡದ್ದು ಒಂದು ರೋಗವಲ್ಲ, ಮೂರು. ಮೂರೂ ಒಂದರ ಮೇಲೊಂದು ಬಿದ್ದು ಒಂದೇ ರೋಗದಂತೆ ತೋರುತ್ತಿದ್ದವು.

ಮೊದಲನೆಯದು ನಳ ಬಂದ ದಿನಗಳಲ್ಲಿ ಮಾತ್ರ ಇತ್ತು. ನಳ ಬಂತೆಂದರೆ ಓಣಿಯಲ್ಲಿ ಮನೆಮನೆಗೂ ಮೋಟಾರು ಹಚ್ಚುತ್ತಾರೆ, ಬಲ್ಬಿನ ಬೆಳಕು ಒಮ್ಮೆ ಕುಗ್ಗುತ್ತದೆ. ಆ ಹೊತ್ತಿಗೆ ಎದುರಾಗಿ ಪೆಟ್ಟಿಗೆಯ ವಹಿಯಲ್ಲಿ "ಎಲ್ಲ ದೀಪ ಆರಿತು" ಎಂದು ಹೆಂಡತಿ ಬರೆದಿಟ್ಟಿದ್ದಳು. ಪೆಟ್ಟಿಗೆಯ ಅಡಾಪ್ಟರಿನ ಮೇಲೆ 100ರಿಂದ 240 ವೋಲ್ಟ್ ಎಂದು ಅಚ್ಚಾಗಿದೆ, ಸರಿಯಾದ ಅಡಾಪ್ಟರು ಇಷ್ಟು ಕುಗ್ಗುವಿಕೆಗೆ ಅಲುಗಬಾರದು. ಆದರೆ ಅದು ವರ್ಷಗಟ್ಟಲೆ ಬಿಸಿಯುಂಡಿತ್ತು. ಒಳಗಿನ ಕೆಪಾಸಿಟರುಗಳು ಒಣಗಿದ ಮೇಲೆ ಅಡಾಪ್ಟರಿಗೆ ಅರೆಕ್ಷಣದ ಕೊರತೆಯನ್ನೂ ತುಂಬಿಕೊಡುವ ತ್ರಾಣ ಉಳಿಯುವುದಿಲ್ಲ. ಹೊಸದನ್ನು ಹಾಕಿದೆವು, ಆ ಸಾಲುಗಳು ವಹಿಯಿಂದ ಮಾಯವಾದವು. ಅಡಾಪ್ಟರು ಬದಲಿಸುವವರು ಇಷ್ಟು ಗಮನಿಸಬೇಕು: ವೋಲ್ಟ್ ಹಳೆಯದರಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇದ್ದರೂ ನಡೆಯುತ್ತದೆ, ಪಿನ್ನಿನ ಒಳಹೊರಗಿನ ಧನ ಋಣ ಗುರುತು ತಾಳೆಯಾಗಬೇಕು.

ಎರಡನೆಯದು ನಮ್ಮನ್ನು ಹೆಚ್ಚು ಕಾಡಿದ್ದು. ಮಧ್ಯಾಹ್ನದಿಂದ ಇಳಿಹೊತ್ತಿನವರೆಗೆ, ಅದರಲ್ಲೂ "ಗಾಳಿ" ಎಂದು ಬರೆದ ದಿನಗಳಲ್ಲಿ, ಹತ್ತಾರು ಸಲ. ಪಾನ್ ದೀಪ ಹಸಿರು, ಪಡಸಾಲೆಯಲ್ಲಿ ನನ್ನ ಮೊಬೈಲಿನ ವೈಫೈ ಸಲೀಸು, ಮೇಲಿನ ಕಂಪ್ಯೂಟರಿನಲ್ಲಿ ಮಾತ್ರ ಎರಡೂ ಪಿಂಗ್ ಒಟ್ಟಿಗೆ ನಿಂತಿದ್ದವು. ಎಂದಮೇಲೆ ಕಂಬವೂ ಗಾಜಿನ ಎಳೆಯೂ ನಿರಪರಾಧಿ. ಕಂಪ್ಯೂಟರನ್ನೇ ಕೆಳಗಿಳಿಸಿ, ಪೆಟ್ಟಿಗೆಯ ಪಕ್ಕದಲ್ಲಿಟ್ಟು, ಒಂದು ಮೀಟರಿನ ಬೇರೆ ಕೇಬಲ್ಲಿನಿಂದ ಒಂದು ದಿನ ಕೆಲಸ ಮಾಡಿದಳು. ಒಮ್ಮೆಯೂ ಹೋಗಲಿಲ್ಲ. ಕಂಪ್ಯೂಟರೂ ನಿರಪರಾಧಿ. ಉಳಿದದ್ದು ನೀಲಿ ಕೇಬಲ್. "ಜಂತಿಯೊಳಗ ಇಲಿ ಕಡದಿರಬೇಕ್ರಿ" ಎಂದಳು ಹೆಂಡತಿ. ಕೇಬಲ್ಲಿನ ಉದ್ದಕ್ಕೂ ಬೆರಳಾಡಿಸುತ್ತ ಹೋದೆ. ಹಲ್ಲಿನ ಗುರುತಿರಲಿಲ್ಲ. ಮೇಲಿನ ಖೋಲಿಯ ಸಾಗವಾನಿ ಕಿಟಕಿಯ ಸಂದಿನಲ್ಲಿ ಅದು ಒಳಗೆ ಬರುವಲ್ಲಿ ಮಾತ್ರ ಮೈ ಚಪ್ಪಟೆಯಾಗಿ ಮೆತ್ತಗಿತ್ತು.

ಮಗಳು ಪರದೆಯ ಮುಂದೆ ಕುಳಿತಳು. ನಾನು ಕಿಟಕಿಯ ಕದ ಹಿಡಿದು ಗಾಳಿ ದೂಡುವಂತೆ ಮೆಲ್ಲಗೆ ದೂಡಿದೆ.

"ಹೋತು."

ಎಳೆದೆ.

"ಬಂತು ಅಪ್ಪಾ."

ಮತ್ತೆ ದೂಡಿದೆ. "ಹೋತು!" ಅವಳ ದನಿಯಲ್ಲಿದ್ದ ಸಂತೋಷ, ಮೂರು ವಾರದ ನಂತರ ಕಳ್ಳನ ಕೈ ಹಿಡಿದವರ ಸಂತೋಷ. ಆಷಾಢದ ಗಾಳಿ ಕದವನ್ನು ದೂಡಿದಾಗಲೆಲ್ಲ ಕದ ಕೇಬಲ್ಲನ್ನು ಅದುಮುತ್ತಿತ್ತು, ಒಳಗಿನ ಒಂದು ತಂತಿ ತುಂಡಾಗಿ ತುದಿಗಳು ಮುಟ್ಟಿ ಬಿಟ್ಟು ಮಾಡುತ್ತಿದ್ದವು. ಕಿಟಕಿ ಅಲುಗದ ದಿನ ಲೈನು ಗಟ್ಟಿಯಾಗಿತ್ತು. ಲೈನ್ ಹುಡುಗ ಬಂದದ್ದು ಎರಡು ಸಲವೂ ಮುಂಜಾನೆ, ಗಾಳಿ ಏಳುವ ಮೊದಲು.

ಈ ಕೇಬಲ್ಲಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮನೆಗಳಲ್ಲಿ ಹೆಚ್ಚು ಕಡೆಗಣನೆಗೆ ಒಳಗಾಗುವುದು ಅದೇ. ಒಳಗಿನ ತಂತಿಗಳನ್ನು ಜೋಡಿಜೋಡಿಯಾಗಿ ಹುರಿ ಮಾಡಿರುತ್ತಾರೆ. ಹೊರಗಿನ ವಿದ್ಯುತ್ ಗದ್ದಲ ಎರಡೂ ತಂತಿಗೆ ಸಮನಾಗಿ ತಾಗಿ ಒಂದನ್ನೊಂದು ಕಳೆದುಹಾಕಲಿ ಎಂದು ಈ ಹುರಿ. ಟೆಲಿಫೋನಿನ ಗ್ರಹಾಂ ಬೆಲ್ 1881ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಸೆಕೆಂಡಿಗೆ 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು, 1000ಕ್ಕೆ ನಾಲ್ಕೂ ಜೋಡಿ ಬೇಕು. ಒಂದು ತಂತಿ ನೊಂದರೆ ಎರಡೂ ತುದಿಯ ಯಂತ್ರಗಳು ಹೊಸದಾಗಿ ಮಾತುಕತೆ ನಡೆಸಿ ಕೆಲವೊಮ್ಮೆ 1000ದಿಂದ 100ಕ್ಕೆ ಇಳಿದು ಒಪ್ಪಂದ ಮಾಡಿಕೊಳ್ಳುತ್ತವೆ. ಕಂಪ್ಯೂಟರಿನ ಈಥರ್ನೆಟ್ ಸ್ಥಿತಿಯ ಪುಟದಲ್ಲಿ ಮೊದಲು 1000 ತೋರಿಸುತ್ತಿದ್ದದ್ದು ಈಗ 100 ತೋರಿಸಿದರೆ ಕೇಬಲ್ ಅಥವಾ ಅದರ ತುದಿಯ ಮೇಲೆ ಅನುಮಾನ ಪಡಿ. ನಾವು ಆ ಪುಟವನ್ನು ಮೊದಲ ದಿನವೇ ನೋಡಿದ್ದರೆ ಒಂದು ವಾರ ಉಳಿಯುತ್ತಿತ್ತು.

ಕೊಳ್ಳುವಾಗಲೂ ಎಚ್ಚರ ಬೇಕು. ಅಗ್ಗದ ಕೇಬಲ್ಲುಗಳಲ್ಲಿ ಅಲ್ಯುಮಿನಿಯಂ ತಂತಿಗೆ ಮೇಲಷ್ಟೇ ತಾಮ್ರ ಬಳಿದಿರುತ್ತಾರೆ. ನಾಲ್ಕು ಸಲ ಮಡಚಿದರೆ ಮುರಿಯುತ್ತದೆ, ತುದಿಯಲ್ಲಿ ಬೇಗ ಸಡಿಲವಾಗುತ್ತದೆ. ಚಾಕುವಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಬೇಡ. ತುದಿ ಕೂರಿಸುವಾಗ ಬಣ್ಣಗಳ ಕ್ರಮವೂ ಮುಖ್ಯ: ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ಎರಡೂ ತುದಿಗೆ ಒಂದೇ ಕ್ರಮವಿದ್ದರೆ ಸಾಕು ಎಂದು ಮನಸ್ಸಿಗೆ ಬಂದಂತೆ ಹಾಕುವವರಿದ್ದಾರೆ. ಹಾಗೆ ಹಾಕಿದರೆ ಒಂದು ಜೋಡಿಯ ಸಂಕೇತ ಎರಡು ಬೇರೆ ಹುರಿಗಳಲ್ಲಿ ಹರಿದು, ಹುರಿ ಮಾಡಿದ ಉದ್ದೇಶವೇ ಹಾಳಾಗುತ್ತದೆ. ಸಣ್ಣ ಉದ್ದಕ್ಕೆ ನಡೆದಂತೆ ಕಂಡು ದೊಡ್ಡ ಉದ್ದಕ್ಕೆ ಕೈಕೊಡುತ್ತದೆ. ಒಂದು ಓಟದ ಮಿತಿ 100 ಮೀಟರ್. ಒಂದು ಮನೆಯಿಂದ ಇನ್ನೊಂದು ಮನೆಗೆ ಬಯಲಿನಲ್ಲಿ ತಾಮ್ರದ ಕೇಬಲ್ ಎಳೆಯಲೇಬೇಡಿ. ಮೇ ತಿಂಗಳ ಅಡ್ಡಮಳೆಯ ಸಿಡಿಲು ನೇರ ಬೀಳಬೇಕೆಂದಿಲ್ಲ, ಹತ್ತಿರ ಬಿದ್ದರೂ ತಾಮ್ರ ಅದನ್ನು ಕಂಪ್ಯೂಟರಿನವರೆಗೆ ಹೊತ್ತು ತರುತ್ತದೆ. ಗಾಜಿನ ಎಳೆಗೆ ಆ ಗುಣವಿಲ್ಲ.

ಕಂಪ್ಯೂಟರಿನ ಒಳಗೇ ದೋಷವಿರುವ ಮನೆಗಳೂ ಇವೆ. ಡಿವೈಸ್ ಮ್ಯಾನೇಜರಿನಲ್ಲಿ ನೆಟ್‌ವರ್ಕ್ ಅಡಾಪ್ಟರಿನ ಪವರ್ ಪುಟ ತೆರೆದರೆ, ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಲು ಕಂಪ್ಯೂಟರಿಗೆ ಬಿಡು ಎಂಬ ಗುರುತು ಇರುತ್ತದೆ, ಅದನ್ನು ತೆಗೆಯಬೇಕು. ಡ್ರೈವರ್ ಹೊಸದು ಹಾಕಿದ ಮೇಲೆ ತೊಂದರೆ ಶುರುವಾಗಿದ್ದರೆ ಹಳೆಯದಕ್ಕೆ ಮರಳಬೇಕು. ಕಂಪ್ಯೂಟರಿನ ವಿಳಾಸ 169.254 ಎಂದು ಶುರುವಾದರೆ ಪೆಟ್ಟಿಗೆ ಅದಕ್ಕೆ ವಿಳಾಸ ಕೊಟ್ಟಿಲ್ಲ, ಅದು ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ.

ಹೊಸ ಕೇಬಲ್ಲನ್ನು ಕಿಟಕಿಯ ಗೊಡವೆಯಿಲ್ಲದೆ, ಗೋಡೆಗೆ ತೂತು ಕೊರೆದು ಕೊಳವೆಯೊಳಗೆ ತಂದೆವು. ಅದಾದ ಮೇಲೂ ವಹಿಯಲ್ಲಿ ಎರಡು ಸಾಲು ಉಳಿದವು, ಅದೇ ಮೂರನೆಯ ರೋಗ. ಎರಡೂ ಮಳೆ ಬಂದ ರಾತ್ರಿಯವು, ಎರಡಕ್ಕೂ ಎದುರಿಗೆ "ಕೆಂಪು ದೀಪ ಮಿನುಗಿತು" ಎಂದಿತ್ತು. ಈ ಸಲ ದೂರು ಕೊಡುವಾಗ "ನೆಟ್ ಬರಲ್ಲ" ಎನ್ನಲಿಲ್ಲ. ಯಾವ ತಾರೀಕು, ಎಷ್ಟು ಗಂಟೆ, ಎಷ್ಟು ನಿಮಿಷ, ಯಾವ ದೀಪ, ಒಳಗಿನ ಪಿಂಗ್ ಓಡುತ್ತಿತ್ತು, ಹೊರಗಿನದು ನಿಂತಿತ್ತು ಎಂದು ಓದಿ ಹೇಳಿದೆ. ಹುಡುಗ ಅಂದೇ ಸಂಜೆ ಬಂದ, ಬರುವಾಗ ಬೆಳಕು ಅಳೆಯುವ ಮೀಟರು ತಂದಿದ್ದ. ಗ್ರಾಹಕರ ಭಾಷೆ ಬದಲಾದರೆ ಬರುವವರ ಕೈಯ ಸಾಮಾನೂ ಬದಲಾಗುತ್ತದೆ, ಇದನ್ನು ನಾನು ಕಣ್ಣಾರೆ ಕಂಡೆ. ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್ 2006ರಷ್ಟು ಹಿಂದೆಯೇ ಬ್ರಾಡ್‌ಬ್ಯಾಂಡಿನ ಗುಣಮಟ್ಟಕ್ಕೆ ನಿಯಮ ಮಾಡಿ, ಕಳುಹಿಸಿದ ಸಂದೇಶಗಳಲ್ಲಿ ಕಳೆದುಹೋಗುವುದು ನೂರಕ್ಕೆ 1ಕ್ಕಿಂತ ಕಡಿಮೆ ಇರಬೇಕು ಎಂದಿತ್ತು. ಕಳೆದುಹೋದದ್ದರ ಶೇಕಡಾ ಲೆಕ್ಕವನ್ನು ಪಿಂಗ್ ನಿಲ್ಲಿಸಿದಾಗ ಅದು ತಾನೇ ಕೊಡುತ್ತದೆ.

ಮೀಟರು ಮೈನಸ್ 27 ಡಿಬಿಎಂ ತೋರಿಸಿತು. ಈ ಲೆಕ್ಕದಲ್ಲಿ ಪ್ರತಿ 3 ಇಳಿದರೆ ಬೆಳಕು ಅರ್ಧಕ್ಕರ್ಧ ಕಡಿಮೆ. ಸಾಮಾನ್ಯ ಪೆಟ್ಟಿಗೆಗಳು ಮೈನಸ್ 27, 28ರ ಹತ್ತಿರ ಬಂದಾಗ ಬೆಳಕನ್ನು ಕಾಣದಾಗುತ್ತವೆ. ನಮ್ಮದು ಒಣ ಹವೆಯಲ್ಲಿ ಹೇಗೋ ಅಂಚಿನ ಮೇಲೆ ನಡೆದು, ಮಳೆಯ ತೇವ ಬಿದ್ದ ರಾತ್ರಿ ಜಾರಿಬೀಳುತ್ತಿತ್ತು. ಹುಡುಗ ಮಾಳಿಗೆಯ ಅಂಚಿನ ಜೋಡಣೆ ಬಿಚ್ಚಿದ. ಒಂದು ಕಡೆಯ ತಲೆ ಹಸಿರು, ಇನ್ನೊಂದು ಕಡೆಯದು ನೀಲಿ. ಹಸಿರಿನ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದು ನೇರ. ಎರಡನ್ನೂ ಒತ್ತಿ ಕೂಡಿಸಿದರೆ ನಡುವೆ ಕೂದಲೆಳೆಯಷ್ಟು ಸಂದು ಉಳಿಯುತ್ತದೆ, ಬೆಳಕು ಅಲ್ಲಿ ಸೋರುತ್ತದೆ, ತೇವವೂ ಧೂಳೂ ಅಲ್ಲಿಯೇ ಕೂರುತ್ತವೆ. 9 ಮೈಕ್ರಾನಿನ ಕಿಂಡಿಗೆ ನಮ್ಮ ಕೆಂಪುಮಣ್ಣಿನ ಧೂಳಿನ ಒಂದು ಕಣ ಬಂಡೆಗಲ್ಲಿದ್ದ ಹಾಗೆ.

"ಯಾರೋ ಅವಸರದಾಗ ಸಿಕ್ಕದ್ದು ಸಿಗಿಸ್ಯಾರ್ರಿ ಸರ್ರ" ಎಂದ. ನಾನು ತುದಿಯನ್ನು ಹತ್ತಿರದಿಂದ ನೋಡಲು ಬಾಗಿದೆ, ಅವನು ತಟ್ಟನೆ ಕೈ ಅಡ್ಡ ಹಿಡಿದ. "ಕಣ್ಣ ಹಚ್ಚಬ್ಯಾಡ್ರಿ, ಕಾಣದ ಬೆಳಕೈತಿ." ಅವನ ಮಾತು ಸರಿ, ಅದು 1490 ನ್ಯಾನೋಮೀಟರಿನ ಅವಗೆಂಪು ಕಿರಣ. ಕಣ್ಣಿಗೆ ಕಾಣುವುದಿಲ್ಲ ಎಂದೇ ಕಣ್ಣು ಮುಚ್ಚಿಕೊಳ್ಳುವುದೂ ಇಲ್ಲ. ಮಕ್ಕಳಿರುವ ಮನೆಯವರು ಆ ತುದಿಯನ್ನು ಬಿಚ್ಚಿಡಬಾರದು.

ನೀಲಿ ತಲೆ ಕತ್ತರಿಸಿ ಹಸಿರು ಹಾಕಿ, ಒರೆಸಿ, ಎಳೆಯನ್ನು ಬಿಗಿಯಾಗಿ ಮಡಚದೆ ಅಗಲ ಸುರುಳಿ ಸುತ್ತಿ, ಮಳೆ ತಾಗದ ಡಬ್ಬಿಯೊಳಗೆ ಇಟ್ಟ. ಮೀಟರು ಮೈನಸ್ 20 ತೋರಿಸಿತು, ಬೆಳಕು ಸುಮಾರು ಐದು ಪಟ್ಟು ಹೆಚ್ಚಿತ್ತು. ಅಷ್ಟರಲ್ಲಿ ಮೇಲೆ ಮಗಳ ಮೀಟಿಂಗು ಶುರುವಾಗಿತ್ತು, ಅವಳ ಮಾತು ತುಂಡಾಗದೆ ಕೆಳಗೆ ಕೇಳುತ್ತಿತ್ತು. ಹುಡುಗ ನನ್ನ ಕೈಯ ಪೆನ್ನು ಇಸಿದುಕೊಂಡು, ಒಂದು ಚೀಟಿಯ ಮೇಲೆ ಆ ಅಂಕಿಯನ್ನೂ ತಾರೀಕನ್ನೂ ಬರೆದು ಪೆಟ್ಟಿಗೆಯ ಬದಿಗೆ ಅಂಟಿಸಿದ. "ಮುಂದ ಯಾರ ಬಂದ್ರೂ ಇದನ್ನ ತೋರಸ್ರಿ. ಇದಕ್ಕಿಂತ ಎಷ್ಟು ಇಳದೈತಿ ಅಂತ ಅವರಿಗೆ ತಿಳೀತೈತಿ."